ಕನ್ನಡಿಯೊಳಗಿನ ಕಣ್ಣು

ರೋಮನ್ ಕಲೆಯ ಕನ್ನಡಿಗಳನ್ನು ಮತ್ತೆ ನೋಡಲು ಹೊರಟವರ ಮೊದಲ ಪ್ರಣಾಳಿಕೆ

ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಆರು ಮೀಟರ್ ಅಗಲದ ಒಂದು ಮೊಸಾಯಿಕ್ ಇದೆ. ಪಾಂಪೆಯ ಭಾರಿ ಮನೆಯೊಂದರ ನೆಲದಲ್ಲಿದ್ದದ್ದು, 1831ರಲ್ಲಿ ಅಗೆದಾಗ ಸಿಕ್ಕಿತು. ಎಡಕ್ಕೆ ಕುದುರೆಯ ಮೇಲೆ ಅಲೆಕ್ಸಾಂಡರ್, ಬಲಕ್ಕೆ ರಥದಲ್ಲಿ ಪರ್ಷಿಯದ ದೊರೆ ಡೇರಿಯಸ್, ಬೆನ್ನ ಹಿಂದೆ ಈಟಿಗಳ ಕಾಡು. ಪಠ್ಯಪುಸ್ತಕದವರು ಇದರಿಂದ ಕತ್ತರಿಸಿ ಹಾಕುವುದು ಅಲೆಕ್ಸಾಂಡರನ ಮುಖವನ್ನು. ಅದನ್ನು ಬಿಟ್ಟು ಸ್ವಲ್ಪ ಕೆಳಗೆ ಬನ್ನಿ. ರಥದ ಚಕ್ರದ ಬಳಿ ಒಬ್ಬ ಪರ್ಷಿಯನ್ ಸೈನಿಕ ನೆಲಕ್ಕೆ ಬಿದ್ದಿದ್ದಾನೆ. ಇನ್ನೊಂದು ಗಳಿಗೆಗೆ ಚಕ್ರ ಅವನ ಮೇಲೆ ಹಾಯಲಿದೆ. ಅವನ ಮುಖ ಆಚೆಗೆ ತಿರುಗಿದೆ. ಎದುರಿಗೆ ತಿಕ್ಕಿ ಮಿಂಚಿಸಿದ ಗುರಾಣಿ. ಆ ಮುಖ ನಮಗೆ ಕಾಣುವುದು ಗುರಾಣಿಯಲ್ಲಿ ಮಾತ್ರ.

ಸಾಯುವವನು ತನ್ನ ಸಾವನ್ನು ತಾನೇ ನೋಡುತ್ತಿದ್ದಾನೆ ಎಂದು ಬಲ್ಲವರು ಬರೆದಿದ್ದಾರೆ. ಸರಿಯೇ. ಆದರೆ ಆಟೋದಲ್ಲಿ ಹಿಂದೆ ಕೂತವರಿಗೆಲ್ಲ ಗೊತ್ತಿರುವ ಒಂದು ಸಂಗತಿಯನ್ನು ಆ ವಿದ್ವಾಂಸರು ಅಷ್ಟಾಗಿ ಎತ್ತುವುದಿಲ್ಲ. ಡ್ರೈವರನ ಕಣ್ಣು ನಿಮಗೆ ಕನ್ನಡಿಯಲ್ಲಿ ಕಂಡಿತೆಂದರೆ ನಿಮ್ಮ ಕಣ್ಣೂ ಅವನಿಗೆ ಕಾಣುತ್ತಿದೆ. ಬೆಳಕು ಹೋದ ದಾರಿಯಲ್ಲೇ ಬರುತ್ತದೆ, ಅದಕ್ಕೆ ಒನ್‌ವೇ ಇಲ್ಲ. ಆ ಲೆಕ್ಕದಲ್ಲಿ ಗುರಾಣಿಯೊಳಗಿನ ಸೈನಿಕನಿಗೆ ಕಾಣುತ್ತಿರುವವರು ಯಾರು? ಎರಡು ಸಾವಿರ ವರ್ಷಗಳ ಹಿಂದೆ ಆ ಮನೆಗೆ ಬಂದು, ಉಂಡು, ನೆಲದ ಚಿತ್ರದ ಅಂಚಿನಲ್ಲಿ ನಿಂತ ಅತಿಥಿಗಳು. ಈಗ, ಟಿಕೆಟ್ ತೆಗೆದುಕೊಂಡು ಬಂದ ನಾವು.

ನಮ್ಮ ಬಳಗ ಹುಟ್ಟಿದ್ದು ಆ ಕಣ್ಣಿನಿಂದ. ರೋಮನ್ ಕಲೆಯಲ್ಲಿ ಕನ್ನಡಿಯನ್ನು ಇಡುತ್ತಿದ್ದದ್ದು ಅದನ್ನು ಹಿಡಿದವರಿಗಾಗಿ ಅಲ್ಲ, ಚಿತ್ರದ ಎದುರು ನಿಂತವರಿಗಾಗಿ. ಇಷ್ಟೇ ನಮ್ಮ ವಾದ. ಉಳಿದದ್ದೆಲ್ಲ ಇದರ ವಿಸ್ತರಣೆ, ಒಂದಿಷ್ಟು ಜಗಳ, ಒಂದಿಷ್ಟು ಕೆಲಸ.

ನಾವು ಯಾರೆಂದರೆ, ಚಿತ್ರ ಬರೆಯುವ ಇಬ್ಬರು, ಹೈಸ್ಕೂಲಿನ ಚರಿತ್ರೆಯ ಮೇಷ್ಟ್ರು, ಒಬ್ಬ ಅನುವಾದಕಿ, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಅಕ್ಕಸಾಲಿ, ದಿನವಿಡೀ ಪುಟ್ಟ ಕನ್ನಡಿಯಲ್ಲಿ ಊರವರ ಬಾಯಿ ನೋಡುವ ದಂತವೈದ್ಯೆ. ಬಳಗಕ್ಕೆ ಏನು ಹೆಸರಿಡಬೇಕೆಂದು ಮೂರು ಭಾನುವಾರ ಚರ್ಚೆಯಾಯಿತು. ಕೊನೆಗೆ ಅಕ್ಕಸಾಲಿ ಹೇಳಿದರು: “ಕನ್ನಡಿ ಹಿಡಿದವರು ಕನ್ನಡಿಗರು. ಹೇಗೂ ಹಾಗೇ ಕರೀತಾರಲ್ಲ, ಬೇರೆ ಹೆಸರು ಯಾಕೆ ಸ್ವಾಮಿ?” ಎಲ್ಲರೂ ನಕ್ಕೆವು. ಹೆಸರಿನ ವಿಷಯ ಅಲ್ಲಿಗೇ ನಿಂತಿದೆ.

ನಮ್ಮ ಜಗಳ ಒಂದು ಸ್ಲೈಡಿನ ಜೊತೆ. ನಮ್ಮಲ್ಲೊಬ್ಬರು ಕಲಾಶಾಲೆಯಲ್ಲಿ ಓದುವಾಗ ತರಗತಿಯಲ್ಲಿ ತೋರಿಸಿದ್ದು: ಎಡಕ್ಕೆ ಕನ್ನಡಿ ಹಿಡಿದ ವೀನಸ್, ನಡುವೆ ಸಮ ಚಿಹ್ನೆ, ಬಲಕ್ಕೆ ‘ಒಣಜಂಭ’ ಎಂಬ ಪದ. ಮುಂದಿನ ಸ್ಲೈಡು ನಾರ್ಸಿಸಸ್, ಸಮ ಚಿಹ್ನೆ, ‘ಆತ್ಮಮೋಹ’. ಎರಡು ನಿಮಿಷದಲ್ಲಿ ರೋಮನ್ನರ ಕನ್ನಡಿಯ ಪಾಠ ಮುಗಿದು ಕಮಾನುಗಳ ಪಾಠ ಶುರುವಾಗಿತ್ತು. ಪಾಠ ಹೇಳಿದವರ ಮೇಲೆ ನಮಗೇನೂ ಸಿಟ್ಟಿಲ್ಲ, ಅವರಿಗೂ ಹಾಗೇ ಹೇಳಿಕೊಟ್ಟಿರುತ್ತಾರೆ. ಆ ಸಮ ಚಿಹ್ನೆಯನ್ನು ಮಾತ್ರ ಅಳಿಸದೆ ಬಿಡುವುದಿಲ್ಲ.

ಮೊದಲು ಕೈಯಲ್ಲಿ ಹಿಡಿಯುವ ವಸ್ತುವಿನಿಂದಲೇ ಆರಂಭಿಸೋಣ. ರೋಮನ್ನರ ಕನ್ನಡಿ ನಮ್ಮ ಬಚ್ಚಲಮನೆಯ ಕನ್ನಡಿಯಲ್ಲ. ಹೆಚ್ಚಿನವು ಲೋಹದವು, ತಾಮ್ರಕ್ಕೆ ತವರ ಬೆರೆಸಿದ ಕಂಚು. ಹಿರಿಯ ಪ್ಲಿನಿ, ಅಂದರೆ ಕ್ರಿ.ಶ. 79ರಲ್ಲಿ ಪಾಂಪೆಯನ್ನು ಬೂದಿಯಲ್ಲಿ ಹೂತ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ಆ ಗ್ರಂಥಕರ್ತ, ಹಿಂದಿನವರಿಗೆ ಬ್ರುಂಡಿಸಿಯಂ ಊರಿನ ಕನ್ನಡಿಗಳೇ ಶ್ರೇಷ್ಠವಾಗಿದ್ದವು, ಆಮೇಲೆ ದಾಸಿಯರೂ ಬೆಳ್ಳಿಯದನ್ನು ಬಳಸತೊಡಗಿದರು ಎಂದು ಗೊಣಗುತ್ತಾನೆ. ಗಾಜಿನವೂ ಇದ್ದವು, ಪುಟ್ಟ ಪುಟ್ಟವು. ಬೆಲೆಯ ಮಾತು ಬಂದರೆ ತತ್ವಜ್ಞಾನಿ ಸೆನೆಕನದೂ ಗೊಣಗಾಟವೇ: ಹಿಂದೆ ಸ್ಕಿಪಿಯೋನ ಮಗಳಿಗೆ ಸರ್ಕಾರವೇ ಕೊಟ್ಟ ವರದಕ್ಷಿಣೆಯ ಹಣ ಈಗ ಬಿಡುಗಡೆಯಾದ ಗುಲಾಮರ ಹೆಣ್ಣುಮಕ್ಕಳ ಒಂದು ಕನ್ನಡಿಗೂ ಸಾಲದು ಅಂತೆ. ಹಣವಂತರ ಮನೆಯಲ್ಲಿ ಕೂತು ಕಾಲ ಕೆಟ್ಟಿತೆನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಅಂಥ ಲೋಹದಲ್ಲಿ ಮುಖ ಹೇಗೆ ಕಾಣುತ್ತದೆಂದು ತಿಳಿಯಲು ನಾವೊಂದು ಕೆಲಸ ಮಾಡಿದೆವು. ಮೇಷ್ಟ್ರ ಅಜ್ಜಿಯ ಕಾಲದ ಕಂಚಿನ ಗಂಗಾಳವನ್ನು ಅಟ್ಟದಿಂದ ಇಳಿಸಿದೆವು. ಮೊದಲು ಹುಣಸೆಹಣ್ಣು, ಆಮೇಲೆ ಜರಡಿ ಹಿಡಿದ ಬೂದಿ, ಕೊನೆಗೆ ಅಕ್ಕಸಾಲಿಯ ಮೆರುಗಿನ ಪುಡಿ ಮತ್ತು ಹಳೆಯ ಪಂಚೆಯ ತುಂಡು. ನಾಲ್ಕು ಜನ, ಒಂದು ಮಧ್ಯಾಹ್ನ. ತೋಳು ಬಿದ್ದುಹೋದವು. ಸಂಜೆ ದೀಪ ಹಚ್ಚಿ ನೋಡಿದರೆ ಮೊದಲು ಕಂಡದ್ದು ಬೆಳಕಿನ ಒಂದು ಮುದ್ದೆ. ಹತ್ತಿರ ಹೋದರೆ ಹಣೆ ಬಂತು, ಮೂಗಿನ ಗೆರೆ ಬಂತು, ಕಣ್ಣಿನ ಜಾಗದಲ್ಲಿ ಎರಡು ಗುಳಿ. ಇನ್ನೂ ಹತ್ತಿರ ಹೋದರೆ ಉಸಿರಿನ ಹಬೆಗೆ ಎಲ್ಲ ಮುಚ್ಚಿಹೋಯಿತು. ಮೊಡವೆ, ಸುಕ್ಕು, ಬಿಳಿಕೂದಲು ಯಾವುದೂ ಇಲ್ಲ. ಕಂದು ಕತ್ತಲೆಯಿಂದ ಯಾರೋ ನಮ್ಮನ್ನು ನೋಡುತ್ತಿದ್ದಂತಿತ್ತು. ಅನುವಾದಕಿ ಮೆಲ್ಲಗೆ “ನಮ್ಮಮ್ಮ” ಎಂದು ಸುಮ್ಮನಾದರು. ಹದಿನೈದು ದಿನಕ್ಕೆ ಗಂಗಾಳ ಮತ್ತೆ ಮಂಕಾಯಿತು.

ಲ್ಯಾಟಿನಿನಲ್ಲಿ ‘ಇಮಾಗೊ’ ಎಂದರೆ ಕನ್ನಡಿಯಲ್ಲಿ ಕಾಣುವ ರೂಪ. ಸತ್ತ ಹಿರಿಯರ ಮುಖವನ್ನು ಮೇಣದಲ್ಲಿ ಮಾಡಿ ಕುಲೀನರು ಮನೆಯ ನಡುಹಜಾರದಲ್ಲಿ ಇಟ್ಟುಕೊಳ್ಳುತ್ತಿದ್ದ ಮುಖವಾಡಕ್ಕೂ ಅದೇ ಹೆಸರು. ದೆವ್ವಕ್ಕೂ, ಬಂಡೆಗೆ ಬಡಿದು ಮರಳುವ ಮಾರ್ದನಿಗೂ ಅದೇ. ಗಂಗಾಳದ ಎದುರು ಕೂರುವ ಮೊದಲು ಇದು ನಮಗೆ ನಿಘಂಟಿನ ಸಂಗತಿಯಾಗಿತ್ತು.

ಈಗ ನಾರ್ಸಿಸಸ್, ನೀರಿನಲ್ಲಿ ಕಂಡ ತನ್ನ ರೂಪಕ್ಕೇ ಸೋತ ಕಥೆಯ ಹುಡುಗ. ಪಾಂಪೆಯ ಗೋಡೆಗಳಲ್ಲಿ ಇವನ ಚಿತ್ರಗಳು ಐವತ್ತರ ಹತ್ತಿರ ಸಿಕ್ಕಿವೆ. 2019ರಲ್ಲೂ ಒಂದು ಮಣ್ಣಿನಿಂದ ಎದ್ದು ಬಂತು. ಒಂದು ಸಣ್ಣ ಪಟ್ಟಣಕ್ಕೆ ಇಷ್ಟೊಂದು ನಾರ್ಸಿಸಸ್ ಏಕೆ? ಆತ್ಮಮೋಹ ಕೆಟ್ಟದ್ದೆಂದು ಮಕ್ಕಳಿಗೆ ಬುದ್ಧಿ ಹೇಳಲಿಕ್ಕೆ ಐವತ್ತು ಗೋಡೆ ಬೇಕಿಲ್ಲ. ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ವಿಚಿತ್ರವೊಂದು ಕಣ್ಣಿಗೆ ಬೀಳುತ್ತದೆ. ಎಷ್ಟೋ ಚಿತ್ರಗಳಲ್ಲಿ ಹುಡುಗ ನೀರನ್ನು ನೋಡುತ್ತಲೇ ಇಲ್ಲ. ಬಂಡೆಗೆ ಒರಗಿ, ಮೈಚೆಲ್ಲಿ, ಎತ್ತಲೋ ನೋಡುತ್ತ ಕೂತಿದ್ದಾನೆ. ಕೆಳಗೆ ಕೊಳದಲ್ಲಿ ಒಂದು ತಲೆ ಮಾತ್ರ, ಕತ್ತರಿಸಿಟ್ಟ ಹಾಗೆ ತೇಲುತ್ತಿದೆ. ಆ ತಲೆಯನ್ನು ನೋಡಬೇಕಾದವನೇ ನೋಡುತ್ತಿಲ್ಲ ಎಂದ ಮೇಲೆ ಅದನ್ನು ನೋಡುವವರು ನಾವೇ. ಚೆಲುವಾದ ಮೈಗೆ ಸೋತು, ಅದು ಕೈಗೆ ಸಿಗದೆ, ಬಣ್ಣ ಬಳಿದ ಗೋಡೆಯ ಮುಂದೆ ನಿಂತವರು ನಾವು. ಹಳಬರು ಕನ್ನಡಿಯೊಳಗಿನ ಗಂಟು ಎಂದದ್ದು ಇದಕ್ಕೇ. ಹುಡುಗನ ರೋಗವನ್ನು ಚಿತ್ರಕಾರ ನೋಡುವವರಿಗೆ ಅಂಟಿಸಿಬಿಟ್ಟಿದ್ದಾನೆ.

ಇವುಗಳಲ್ಲಿ ಒಂದನ್ನಂತೂ ತಪ್ಪದೆ ನೋಡಬೇಕು. ಪಾಂಪೆಯ ಅಬೊಂಡಾನ್ಸಾ ಬೀದಿಯಲ್ಲಿ ಆಕ್ಟೇವಿಯಸ್ ಕ್ವಾರ್ಟಿಯೊನ ಮನೆ ಎಂದು ಕರೆಯುವ ಮನೆಯಿದೆ. ಹಿತ್ತಲಲ್ಲಿ ಉದ್ದನೆಯ ನೀರಿನ ಕಾಲುವೆ, ಅದರ ತುದಿಯಲ್ಲಿ ಬಯಲಲ್ಲೇ ಒರಗಿ ಊಟ ಮಾಡಲು ಎರಡು ಕಟ್ಟೆ, ನಡುವೆ ಕಾರಂಜಿಯ ಗೂಡು. ಗೂಡಿನ ಒಂದು ಪಕ್ಕದಲ್ಲಿ ನಾರ್ಸಿಸಸ್, ಇನ್ನೊಂದು ಪಕ್ಕದಲ್ಲಿ ಪ್ರೀತಿಗಾಗಿ ಸತ್ತ ಪಿರಮಸ್ ಮತ್ತು ತಿಸ್ಬೆ. ಲೂಸಿಯಸ್ ಎಂಬ ಚಿತ್ರಕಾರ ಅಲ್ಲಿ ತನ್ನ ಹೆಸರು ಬರೆದಿದ್ದಾನೆ. ಪಾಂಪೆಯ ಗೋಡೆಗಳಲ್ಲಿ ಅದು ತೀರ ಅಪರೂಪ. ಊಟಕ್ಕೆ ಒರಗಿದವರ ಮುಂದೆ ನಿಜವಾದ ನೀರು, ಪಕ್ಕದ ಗೋಡೆಯಲ್ಲಿ ಬರೆದ ನೀರು. ದೀಪ ಹಚ್ಚುವ ಹೊತ್ತಿಗೆ ನಿಜವಾದ ನೀರಿನಲ್ಲಿ ಮುಖ ಮೂಡಿರಬೇಕು, ಆದರೆ ಅದು ನಾರ್ಸಿಸಸ್‌ನದಲ್ಲ. ಬಟ್ಟಲು ಕೈಯಲ್ಲಿ ಹಿಡಿದ ಅತಿಥಿಯದು. ಲೂಸಿಯಸ್ ಇದನ್ನೆಲ್ಲ ಎಣಿಸಿಯೇ ಬರೆದನೆಂದು ಸಾಧಿಸಲಾಗದು. ಎಣಿಸದೆ ಬರೆದಿದ್ದರೂ ನಮಗೆ ಅಡ್ಡಿಯಿಲ್ಲ.

ರೋಮನ್ ಕವಿ ಓವಿಡ್ ನಾರ್ಸಿಸಸ್‌ನ ಕಥೆ ಹೇಳುವಾಗ ನೀರಿನಲ್ಲಿ ಕಂಡ ರೂಪವನ್ನು ನೆರಳು ಎನ್ನುವ ಪದದಿಂದಲೂ ಕರೆಯುತ್ತಾನೆ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಇಂದಿಗೂ ‘ಬಾವಿಯಲ್ಲಿ ನೆರಳು ಕಂಡಿತು’ ಎನ್ನುತ್ತಾರಲ್ಲ, ಹಾಗೆ. ಆದ್ದರಿಂದ ಬಳಗದ ಬರಹಗಳಲ್ಲಿ ‘ಪ್ರತಿಬಿಂಬ’ ಎಂಬ ತೂಕದ ಪದವನ್ನು ಬೇಕಾದಾಗ ಮಾತ್ರ ಬಳಸಿ, ಉಳಿದಂತೆ ‘ನೆರಳು’ ಎಂದೇ ಬರೆಯುವುದೆಂದು ತೀರ್ಮಾನಿಸಿದ್ದೇವೆ. ಮೇಷ್ಟ್ರು ಒಪ್ಪಿಲ್ಲ. ಅವರ ಅಸಮ್ಮತಿಯೂ ಈ ಪ್ರಣಾಳಿಕೆಯ ಭಾಗವೇ.

ನೇರ ನೋಡಲಾಗದ್ದನ್ನು ನೆರಳಿನಲ್ಲಿ ನೋಡುವುದು ರೋಮನ್ನರಿಗೆ ಚೆನ್ನಾಗಿ ಗೊತ್ತಿದ್ದ ಉಪಾಯ. ಮೆಡೂಸಳನ್ನು ಕಂಡವರು ಕಲ್ಲಾಗುತ್ತಾರೆ, ಪರ್ಸಿಯಸ್ ಕಂಚಿನ ಗುರಾಣಿಯಲ್ಲಿ ಅವಳ ನೆರಳು ನೋಡಿಕೊಂಡು ಕತ್ತು ಕೊಯ್ದ. ಈ ಕಥೆಯ ಮುಂದಿನ ಭಾಗವನ್ನು ಪಾಂಪೆಯ ಚಿತ್ರಕಾರರು ಮತ್ತೆ ಮತ್ತೆ ಬರೆದಿದ್ದಾರೆ. ಪರ್ಸಿಯಸ್ ಮತ್ತು ಆಂಡ್ರೋಮಿಡಾ ಬಂಡೆಯ ಮೇಲೆ ಅಕ್ಕಪಕ್ಕ ಕೂತಿದ್ದಾರೆ, ಹೊಸ ಜೋಡಿ ಕೆರೆ ದಂಡೆಗೆ ತಿರುಗಾಡಲು ಬಂದ ಹಾಗೆ. ಅವನು ಮೆಡೂಸಳ ತಲೆಯನ್ನು ಎತ್ತಿ ಹಿಡಿದಿದ್ದಾನೆ, ಅದರ ನೆರಳು ಕೆಳಗಿನ ನೀರಿನಲ್ಲಿ. ಇಬ್ಬರೂ ನೀರನ್ನೇ ನೋಡುತ್ತಾರೆ, ಅಪಾಯವಿಲ್ಲ. ನಮ್ಮ ಕಣ್ಣಿಗೆ ಮಾತ್ರ ನೀರಿನ ನೆರಳೂ ಕಾಣುತ್ತದೆ, ಮೇಲಿನ ನಿಜ ತಲೆಯೂ ಕಾಣುತ್ತದೆ. ಕಥೆಯ ನಿಯಮದಂತೆ ಕಲ್ಲಾಗಬೇಕಾದವರು ಗೋಡೆಯ ಈಚೆಗಿದ್ದೇವೆ.

ಥೆಟಿಸ್‌ಳ ಚಿತ್ರದಲ್ಲಿ ಇಂಥ ಆಟವಿಲ್ಲ, ದುಃಖವೇ ಇದೆ. ಮಗ ಅಕಿಲಿಸ್‌ಗೆ ಹೊಸ ಆಯುಧ ಬೇಕೆಂದು ಆ ಸಮುದ್ರದೇವತೆ ದೇವಶಿಲ್ಪಿಯ ಕುಲುಮೆಗೆ ಬಂದಿದ್ದಾಳೆ. ಗುರಾಣಿ ತಯಾರಾಗಿದೆ. ಕುರ್ಚಿಯಲ್ಲಿ ಕೂತವಳ ಮುಂದೆ ಅದನ್ನು ಎತ್ತಿ ನಿಲ್ಲಿಸಿದ್ದಾರೆ, ನಮ್ಮಲ್ಲಿ ಅಂಗಡಿಯವನು ಸೀರೆ ಬಿಡಿಸಿ ಹಿಡಿಯುವ ಹಾಗೆ. ಹೋಮರನ ಕಾವ್ಯದಲ್ಲಿ ಆ ಗುರಾಣಿಯ ಮೇಲೆ ಊರು, ಹೊಲ, ಮದುವೆ, ನಕ್ಷತ್ರ, ಇಡೀ ಲೋಕವೇ ಕೆತ್ತಿದೆ. ಪಾಂಪೆಯಿಂದ ತಂದು ನೇಪಲ್ಸ್‌ನಲ್ಲಿ ಇಟ್ಟಿರುವ ಈ ಗೋಡೆಚಿತ್ರದಲ್ಲಿ ಗುರಾಣಿ ನುಣ್ಣಗಿದೆ. ಅದರಲ್ಲಿರುವುದು ಥೆಟಿಸ್‌ಳ ನೆರಳು ಮಾತ್ರ. ಈ ಗುರಾಣಿ ಹೊತ್ತು ಹೋದ ಮಗ ಮರಳುವುದಿಲ್ಲವೆಂದು ತಾಯಿಗೆ ಗೊತ್ತು. ಲೋಕವನ್ನೇ ಕೆತ್ತಬೇಕಿದ್ದ ಜಾಗದಲ್ಲಿ ಚಿತ್ರಕಾರ ಅವಳ ಮುಖವೊಂದನ್ನೇ ಇಟ್ಟ. ಆ ಮುಖದ ಎದುರು ‘ಒಣಜಂಭ’ ಎಂದು ಬರೆಯುವ ಧೈರ್ಯ ಯಾರಿಗಿದೆ?

ಇನ್ನು ಕನ್ನಡಿ ಹಿಡಿದ ಕೈಗಳ ಮಾತು. ಜರ್ಮನಿಯ ಟ್ರಿಯರ್‌ನ ವಸ್ತುಸಂಗ್ರಹಾಲಯದಲ್ಲಿ ನೊಯ್‌ಮಾಗನ್ ಎಂಬಲ್ಲಿ ಸಿಕ್ಕ ಒಂದು ಸಮಾಧಿಕಲ್ಲು ಇದೆ, ಸುಮಾರು 1800 ವರ್ಷ ಹಿಂದಿನದು. ಬೆತ್ತದ ಕುರ್ಚಿಯಲ್ಲಿ ಒಡತಿ ಕೂತಿದ್ದಾಳೆ, ಸುತ್ತ ನಾಲ್ವರು ದಾಸಿಯರು. ಒಬ್ಬಳು ತಲೆ ಬಾಚುತ್ತಿದ್ದಾಳೆ, ಒಬ್ಬಳು ದುಂಡು ಕನ್ನಡಿ ಹಿಡಿದು ನಿಂತಿದ್ದಾಳೆ. ಒಡತಿಯ ನೋಟ ಕನ್ನಡಿಯಲ್ಲಿ. ಕನ್ನಡಿ ಹಿಡಿದವಳಿಗೆ ಸಿಕ್ಕಿದ್ದು ಅದರ ಬೆನ್ನು. ನಮ್ಮ ಗಂಗಾಳ ಹದಿನೈದು ದಿನಕ್ಕೆ ಮಂಕಾಯಿತಲ್ಲ, ಆ ಮನೆಯ ಕನ್ನಡಿಯೂ ಮಂಕಾಗುತ್ತಿತ್ತು, ತಿಕ್ಕುವ ತೋಳೂ ಅವಳದೇ ಇದ್ದೀತು. ತಿಕ್ಕುವಾಗ ಯಾರೂ ಇಲ್ಲದಾಗ ಒಮ್ಮೆ ತನ್ನ ಮುಖ ನೋಡಿಕೊಂಡಿರಲಾರಳೇ ಎಂದು ದಂತವೈದ್ಯೆ ಕೇಳಿದರು. ಕಲ್ಲಿನಲ್ಲಿ ಅದಕ್ಕೆ ಉತ್ತರವಿಲ್ಲ.

1793ರಲ್ಲಿ ರೋಮಿನ ಎಸ್ಕ್ವಿಲೈನ್ ಗುಡ್ಡದಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬೆಳ್ಳಿಯ ಪೆಟ್ಟಿಗೆಯಲ್ಲೂ ಇದೇ ಕೈಗಳಿವೆ. ನಾಲ್ಕನೆಯ ಶತಮಾನದ್ದು, ಪ್ರೊಯೆಕ್ಟಾ ಎಂಬ ಹೆಂಗಸಿನದು. ಮುಚ್ಚಳದ ಮೇಲೆ ಚಿಪ್ಪಿನಲ್ಲಿ ಕೂತ ವೀನಸ್, ಅವಳಿಗೆ ಕನ್ನಡಿ ಹಿಡಿದದ್ದು ಒಂದು ಸಮುದ್ರಜೀವಿ. ಕೆಳಗೆ ಅದೇ ಭಂಗಿಯಲ್ಲಿ ಪ್ರೊಯೆಕ್ಟಾ, ಅವಳಿಗೆ ಕನ್ನಡಿ ಹಿಡಿದದ್ದು ದಾಸಿ. ಅಂಚಿನಲ್ಲಿ ಗಂಡಹೆಂಡಿರು ಕ್ರಿಸ್ತನಲ್ಲಿ ಬಾಳಲಿ ಎಂಬ ಹಾರೈಕೆ. ಮೇಲೆ ಹಳೆಯ ದೇವತೆ, ಅಂಚಿನಲ್ಲಿ ಹೊಸ ದೇವರು, ನಡುವೆ ಕನ್ನಡಿ ಮಾತ್ರ ಬದಲಾಗಿಲ್ಲ. ಧರ್ಮ ಬದಲಿಸಿದವರೂ ದಾಸಿಯನ್ನು ಬದಲಿಸಿದಂತೆ ಕಾಣುವುದಿಲ್ಲ. ಅದಕ್ಕೇ ನಮ್ಮ ಬಳಗದವರು ಯಾವ ಚಿತ್ರದ ಬಗ್ಗೆ ಬರೆದರೂ ಕನ್ನಡಿ ಯಾರ ಕೈಯಲ್ಲಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಇದು ಕಡ್ಡಾಯ. ಮಿಕ್ಕ ನಿಯಮಗಳಿಗೆಲ್ಲ ವಿನಾಯಿತಿ ಉಂಟು.

ಗಂಡಸರ ಕನ್ನಡಿಗಳನ್ನು ಆ ಸ್ಲೈಡು ಸದ್ದಿಲ್ಲದೆ ಬಿಟ್ಟಿತ್ತು. ಚಕ್ರವರ್ತಿ ಡೊಮಿಷಿಯನ್ ಕೊಲೆಯ ಭಯದಲ್ಲಿ ತಾನು ಅಡ್ಡಾಡುವ ಮೊಗಸಾಲೆಯ ಗೋಡೆಗಳಿಗೆ ಹೊಳೆಯುವ ಕಲ್ಲು ಹಾಕಿಸಿದ, ಬೆನ್ನ ಹಿಂದೆ ಯಾರು ಬಂದರೂ ಕಾಣಲೆಂದು. ಇದನ್ನು ಬರೆದವನು ಚರಿತ್ರಕಾರ ಸ್ಯೂಟೋನಿಯಸ್. 96ರಲ್ಲಿ ಡೊಮಿಷಿಯನ್‌ನನ್ನು ಕೊಂದದ್ದು ಮಲಗುವ ಕೋಣೆಯಲ್ಲಿ. ಇನ್ನೊಬ್ಬ ಅಪುಲಿಯಸ್, ಉತ್ತರ ಆಫ್ರಿಕದ ಲೇಖಕ. ಮಾಟ ಮಾಡಿ ಶ್ರೀಮಂತ ವಿಧವೆಯನ್ನು ಮದುವೆಯಾದನೆಂದು ಸುಮಾರು 158ರಲ್ಲಿ ಸಬ್ರಾಥಾ ಊರಿನಲ್ಲಿ ಅವನ ಮೇಲೆ ಮೊಕದ್ದಮೆ ನಡೆಯಿತು. ಆರೋಪಗಳ ಪಟ್ಟಿಯಲ್ಲಿ ಒಂದು: ಇವನ ಬಳಿ ಕನ್ನಡಿಯಿದೆ! ಅವನು ಕೊಟ್ಟ ಉತ್ತರದ ತಿರುಳು ನಮಗೆ ಬಲು ಇಷ್ಟ. ಒಬ್ಬನ ವಿಗ್ರಹ ಮಾಡಿ ನಿಲ್ಲಿಸಿದರೆ ಹೊಗಳುತ್ತೀರಿ, ಅದಕ್ಕೆ ಬಣ್ಣವಿಲ್ಲ, ಚಲನೆಯಿಲ್ಲ. ಕನ್ನಡಿಯ ರೂಪ ನಕ್ಕರೆ ನಗುತ್ತದೆ, ಹುಡುಗನೊಂದಿಗೆ ಹುಡುಗನಾಗಿ, ಮುದುಕನೊಂದಿಗೆ ಮುದುಕನಾಗಿ ಜೊತೆಗೇ ಬೆಳೆಯುತ್ತದೆ. ಕಲ್ಲಿನ ಮುಖಗಳೇ ತುಂಬಿದ್ದ ಸಾಮ್ರಾಜ್ಯದಲ್ಲಿ ನಿಂತು ಆಡಿದ ಮಾತು ಇದು. ಕಲ್ಲು ಮೊದಲ ದಿನದ ಮುಖದಲ್ಲೇ ನಿಂತುಬಿಡುತ್ತದೆ ಎಂಬ ಚುಚ್ಚು ಅದರೊಳಗಿದೆ.

ವಿಟ್ರೂವಿಯಸ್‌ನ ವಾಸ್ತುಗ್ರಂಥದಲ್ಲಿ ಗೋಡೆಗೆ ಗಾರೆ ಹಚ್ಚುವ ಅಧ್ಯಾಯವೊಂದಿದೆ. ಮರಳಿನ ಗಾರೆಯ ಮೇಲೆ ಅಮೃತಶಿಲೆಯ ಪುಡಿಯ ಗಾರೆ, ಪದರದ ಮೇಲೆ ಪದರ, ಬಡಿದು, ತಿಕ್ಕಿ ನಯಗೊಳಿಸಿದರೆ ಗೋಡೆ ಎದುರು ನಿಂತವರ ರೂಪವನ್ನೇ ತೋರಿಸುತ್ತದೆ ಎನ್ನುತ್ತಾನೆ. ಅಂದರೆ ನಾವು ಈವರೆಗೆ ಹೇಳಿದ ಚಿತ್ರಗಳು ಹೊಸದಾಗಿದ್ದಾಗ ಅವುಗಳ ಗೋಡೆಯೇ ಮಸುಕು ಕನ್ನಡಿ. ನಾರ್ಸಿಸಸ್‌ನನ್ನು ನೋಡಲು ಬಂದವರಿಗೆ ಅವನ ಮೈಮೇಲೆ ತಮ್ಮದೇ ನೆರಳು ಹಾದುಹೋಗುವುದು ಕಂಡಿರಬಹುದು. ಬೂದಿಯಡಿ ಹದಿನೇಳು ಶತಮಾನ ಮಲಗೆದ್ದ ಗೋಡೆಯಲ್ಲಿ ಆ ಹೊಳಪು ಈಗ ಸಿಗದು. ಫೋಟೋದಲ್ಲಂತೂ ಫ್ಲ್ಯಾಶ್ ತಾಗಿ ಹೊಳೆದರೆ ಕೆಟ್ಟ ಫೋಟೋ ಎಂದು ತೆಗೆದುಹಾಕುತ್ತಾರೆ.

ಪಾಂಪೆಯ ಹೊರಗಿನ ‘ರಹಸ್ಯಗಳ ಭವನ’ದಲ್ಲಿ, ಕೆಂಪು ಹಿನ್ನೆಲೆಯ ಆ ಪ್ರಸಿದ್ಧ ಕೋಣೆಯಲ್ಲಿ, ಮದ್ಯದೇವನ ಸಂಗಾತಿ ಮುದಿ ಸೈಲೀನಸ್ ಹಿಡಿದ ಬಟ್ಟಲಿನೊಳಗೆ ಒಬ್ಬ ಯುವಕ ಇಣುಕುತ್ತಿದ್ದಾನೆ. ಹಿಂದಿನಿಂದ ಇನ್ನೊಬ್ಬ ಒಂದು ಮುಖವಾಡವನ್ನು ಎತ್ತಿ ಹಿಡಿದಿದ್ದಾನೆ. ಬಟ್ಟಲಿನಲ್ಲಿ ಅವನಿಗೆ ಕಂಡದ್ದು ತನ್ನ ಮುಖವೋ, ಮುದುಕನ ಮುಖವಾಡವೋ, ಬರಲಿರುವ ಕಾಲವೋ, ಅಥವಾ ಸುಮ್ಮನೆ ಕುಡಿಯುತ್ತಿದ್ದಾನೋ? ಈ ಜಗಳ ನೂರು ವರ್ಷದಿಂದ ನಡೆದಿದೆ. ಮೂಲೆಯಲ್ಲಿ ತಲೆ ಬಾಚಿಸಿಕೊಳ್ಳುವ ಹೆಣ್ಣಿಗೆ ರೆಕ್ಕೆಯ ಮಗುವೊಂದು ಕನ್ನಡಿ ಹಿಡಿದಿದೆ, ಅದರಲ್ಲಿ ಅವಳ ಮುಖ ನಮಗೂ ಕಾಣುತ್ತದೆ. ಆಟೋ ಡ್ರೈವರನ ಲೆಕ್ಕ ಇಲ್ಲಿಯೂ ನಡೆಯುತ್ತದೆ.

ಬೇಲೂರಿನ ದರ್ಪಣ ಸುಂದರಿಯನ್ನು ಇಲ್ಲಿಗೆ ಎಳೆದು ತರುವ ಆಸೆ ನಮ್ಮಲ್ಲಿ ಇಬ್ಬರಿಗೆ ಬಹಳ ಇತ್ತು. ಬೇಡ ಎಂದೆವು. ಅವಳದು ಬೇರೆ ಕಾಲ, ಬೇರೆ ಕಲ್ಲು, ಅವಳಿಗೆ ಬೇರೆಯೇ ಪ್ರಣಾಳಿಕೆ ಬೇಕು. ಕನ್ನಡಿ ಕಂಡಲ್ಲೆಲ್ಲ ನೆಂಟಸ್ತಿಕೆ ಹುಡುಕುವುದೂ ಸಮ ಚಿಹ್ನೆಯ ಚಟವೇ. ಆದರೆ ಒಂದು ನಿಜವಾದ ನೆಂಟು ಇದೆ. ಅದೇ ಅಬೊಂಡಾನ್ಸಾ ಬೀದಿಯ ಇನ್ನೊಂದು ಮನೆಯಲ್ಲಿ 1938ರಲ್ಲಿ ಒಂದು ದಂತದ ಬೊಂಬೆ ಸಿಕ್ಕಿತು. ಒಂದು ಗೇಣಿಗಿಂತ ತುಸು ಎತ್ತರ. ಕಡಗ, ಡಾಬು, ಕಾಲ್ಗಡಗ ತುಂಬಿದ ಭಾರತದ ಹೆಣ್ಣು, ಎರಡು ಪಕ್ಕದಲ್ಲಿ ಪುಟ್ಟ ಸೇವಕಿಯರು. ವೆಸೂವಿಯಸ್ ಸಿಡಿಯುವ ಮೊದಲೇ ಕಡಲು ದಾಟಿ ಅಲ್ಲಿಗೆ ಮುಟ್ಟಿದ್ದಳು. ಇಂಥದೇ ಬೊಂಬೆ ಮಹಾರಾಷ್ಟ್ರದ ತೇರ್‌ನಲ್ಲೂ ದೊರೆತಿದೆ. ಪಾಂಪೆಯ ಬೊಂಬೆಯ ತಲೆಯ ಮೇಲೆ ಒಂದು ತೂತು. ಪೀಠೋಪಕರಣದ ಕಾಲಾಗಿತ್ತೆಂದು ಕೆಲವರು, ಕನ್ನಡಿಯ ಹಿಡಿಯಾಗಿತ್ತೆಂದು ಕೆಲವರು. ಹಿಡಿಯೇ ಆಗಿದ್ದರೆ, ಪಾಂಪೆಯ ಯಾರೋ ಒಬ್ಬಳು ಬೆಳಗ್ಗೆ ಎದ್ದು ದಖ್ಖನಿನ ಕಡೆಯ ಹೆಣ್ಣಿನ ಸೊಂಟ ಹಿಡಿದುಕೊಂಡು ತನ್ನ ಮುಖ ನೋಡಿಕೊಳ್ಳುತ್ತಿದ್ದಳು. ತಲೆಯ ಮೇಲೆ ಕನ್ನಡಿ ಹೊತ್ತವಳಿಗೆ, ನೊಯ್‌ಮಾಗನ್ನಿನ ದಾಸಿಯಂತೆಯೇ, ಏನೂ ಕಾಣುತ್ತಿರಲಿಲ್ಲ.

ಇನ್ನು ನಾವು ಮಾಡಹೊರಟ ಕೆಲಸ. ತಿಂಗಳಿಗೆ ಒಂದೇ ಚಿತ್ರ. ಅದರ ಮುಂದೆ, ಚಿತ್ರ ಇಲ್ಲದಿದ್ದರೆ ಅದರ ಒಳ್ಳೆಯ ಅಚ್ಚಿನ ಮುಂದೆ, ಅರ್ಧ ಗಂಟೆ ಮಾತಿಲ್ಲದೆ ಕೂರುವುದು. ಆಮೇಲೆ ಕನ್ನಡಿಯೊಳಗಿನ ಮುಖ ಎತ್ತ ನೋಡುತ್ತಿದೆ ಎಂದು ದಾರ ಹಿಡಿದು ಅಳೆಯುವುದು. ದಾರ ನಿಮ್ಮ ಮೂಗಿಗೆ ಬಂದು ಮುಟ್ಟಿದರೆ ಹಾಗೆಂದೇ ಬರೆಯುವುದು. ‘ಸಂಕೇತಿಸುತ್ತದೆ’ ಎಂಬ ಪದ ಬಳಸಿದವರು ಎಲ್ಲರಿಗೂ ಚಹಾ ಕೊಡಿಸುವುದು. ಶಾಲೆಗಳಿಗೆ ಹೋಗಿ ಅಲೆಕ್ಸಾಂಡರನ ಪಾಠ ಬಂದ ದಿನ ಬಿದ್ದ ಸೈನಿಕನನ್ನು ತೋರಿಸುವುದು. ಮೇಷ್ಟ್ರು ತಮ್ಮ ಒಂಬತ್ತನೆಯ ತರಗತಿಯಲ್ಲಿ ಆಗಲೇ ಶುರುಮಾಡಿದ್ದಾರೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅಚ್ಚಿನ ಹತ್ತಿರ ಬಂದು ಬಗ್ಗಿ ನೋಡಿ, “ಸಾರ್, ಇವನು ನಮ್ಮನ್ನ ಕರೀತಿದಾನೆ” ಎಂದಳಂತೆ.

ಸದಸ್ಯತ್ವಕ್ಕೆ ಹಣವಿಲ್ಲ. ಮೊದಲ ಸಭೆ ಅಕ್ಕಸಾಲಿಯವರ ಜಗಲಿಯಲ್ಲಿ, ಮಧ್ಯಾಹ್ನ ಊಟ ಮುಗಿಸಿಕೊಂಡು. ಬರುವವರು ಮನೆಯ ಅಟ್ಟದಲ್ಲಿರುವ ಕಂಚಿನ ಪಾತ್ರೆ, ಹಳೆಯ ಬಟ್ಟೆ, ನಿಂಬೆ ಗಾತ್ರದ ಹುಣಸೆಹಣ್ಣು ತನ್ನಿ. ಬೂದಿ ನಮ್ಮಲ್ಲಿದೆ.